ಟೈಮಿಂಗ್ ಬೆಲ್ಟ್ ಬದಲಿಸುವುದು ಯಾವಾಗ? ಕಣ್ಣು, ಕಿವಿಗಿಂತ ಕಾಗದ ಮೇಲು

ಟೈರ್ ಸವೆದರೆ ಕಣ್ಣಿಗೆ ಬೀಳುತ್ತದೆ. ಬ್ರೇಕ್ ಪ್ಯಾಡ್ ತೆಳ್ಳಗಾದರೆ ಕೀರಲು ಸದ್ದು ಕೇಳುತ್ತದೆ. ಬ್ಯಾಟರಿ ಸೋತಿದ್ದರೆ ಬೆಳಿಗ್ಗೆ ಕೀಲಿ ತಿರುಗಿಸುವಾಗಲೇ ಎಂಜಿನ್ ನರಳುತ್ತದೆ. ಟೈಮಿಂಗ್ ಬೆಲ್ಟ್‌ಗೆ ಮಾತ್ರ ಹೀಗೆ ಹೇಳಿ ಹೋಗುವ ಅಭ್ಯಾಸವಿಲ್ಲ. ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಓಡಿ, ಯಾವುದೋ ಒಂದು ಗಳಿಗೆಯಲ್ಲಿ ತುಂಡಾಗುತ್ತದೆ, ಇಲ್ಲವೇ ಹಲ್ಲು ಕಿತ್ತುಕೊಳ್ಳುತ್ತದೆ. ಹಾಗಾಗಿ "ಗಾಡಿ ಚೆನ್ನಾಗೇ ಓಡುತ್ತಿದೆಯಲ್ಲ" ಎಂಬ ಮಾತು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತೀರ್ಮಾನವನ್ನು ಕಾಗದ ಹಿಡಿದು, ಕೂಡಿ ಕಳೆದು ಮಾಡಬೇಕು. ಅದನ್ನು ಮಾಡುವ ಕ್ರಮ ಇಲ್ಲಿದೆ.

ಮೊದಲು, ಇಷ್ಟು ಭಯವೇಕೆ ಎಂಬುದು

ಎಂಜಿನ್ನಿನ ಕೆಳಗೆ ಪಿಸ್ಟನ್‌ಗಳಿಗೆ ಜೋಡಿಸಿದ ಕ್ರ್ಯಾಂಕ್‌ಶಾಫ್ಟ್ ತಿರುಗುತ್ತದೆ, ಮೇಲೆ ವಾಲ್ವ್‌ಗಳನ್ನು (ಗಾಳಿ ಒಳಬರುವ, ಹೊಗೆ ಹೊರಹೋಗುವ ಬಾಗಿಲುಗಳನ್ನು) ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್. ಕ್ರ್ಯಾಂಕ್ ಎರಡು ಸುತ್ತು ಹಾಕುವಷ್ಟರಲ್ಲಿ ಕ್ಯಾಮ್ ಸರಿಯಾಗಿ ಒಂದು ಸುತ್ತು ಹಾಕಬೇಕು. ಈ ಎರಡಕ್ಕೂ ನಂಟು ಹಾಕಿರುವುದೇ ಹಲ್ಲುಗಳಿರುವ ಈ ರಬ್ಬರ್ ಪಟ್ಟಿ. ನಿಮಿಷಕ್ಕೆ 3000 ಸುತ್ತಿನಲ್ಲಿ ಎಂಜಿನ್ ಓಡುತ್ತಿದ್ದರೆ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ. ವಾಲ್ವ್ ಕೆಳಗಿಳಿದು ಬರುವ ಜಾಗಕ್ಕೇ ಸ್ವಲ್ಪ ಹೊತ್ತಿನ ಮೇಲೆ ಪಿಸ್ಟನ್ ಏರಿ ಬರುತ್ತದೆ. ಒಂದು ಬರುವಾಗ ಇನ್ನೊಂದು ಜಾಗ ಬಿಟ್ಟಿರಬೇಕು.

ಬೆಲ್ಟ್ ಹರಿದರೆ ಕ್ಯಾಮ್ ಇದ್ದಲ್ಲೇ ನಿಲ್ಲುತ್ತದೆ. ಕೆಲವು ವಾಲ್ವ್‌ಗಳು ತೆರೆದೇ ಉಳಿಯುತ್ತವೆ. ಕ್ರ್ಯಾಂಕ್ ಮಾತ್ರ ಗಾಡಿಯ ವೇಗದ ಬಲದಿಂದ ಇನ್ನೂ ತಿರುಗುತ್ತಿರುತ್ತದೆ. ಪಿಸ್ಟನ್ ಮೇಲೆ ಬಂದು ವಾಲ್ವ್‌ಗೆ ಗುದ್ದುತ್ತದೆ, ವಾಲ್ವ್ ಬಗ್ಗುತ್ತದೆ. ಹೀಗಾಗುವ ವಿನ್ಯಾಸಕ್ಕೆ ಇಂಟರ್‌ಫಿಯರೆನ್ಸ್ ಎಂಜಿನ್ ಎನ್ನುತ್ತಾರೆ. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಿ ವಾಲ್ವ್‌ಗಳನ್ನು ಬದಲಿಸಬೇಕು. ಕೆಲವೊಮ್ಮೆ ವಾಲ್ವ್ ಗೈಡ್, ರಾಕರ್, ಪಿಸ್ಟನ್ನಿನ ತಲೆ ಕೂಡ ಪೆಟ್ಟು ತಿಂದಿರುತ್ತವೆ. ಎರಡಕ್ಕೂ ಸಾಕಷ್ಟು ಅಂತರ ಬಿಟ್ಟು ಮಾಡಿದ ಎಂಜಿನ್ನುಗಳೂ ಇವೆ. ಅವುಗಳಲ್ಲಿ ಬೆಲ್ಟ್ ಹೋದರೆ ಗಾಡಿ ದಾರಿಯಲ್ಲಿ ನಿಲ್ಲುತ್ತದೆ, ಹೊಸ ಬೆಲ್ಟ್ ಹಾಕಿದರೆ ಮತ್ತೆ ಓಡುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಈ ಅದೃಷ್ಟವನ್ನು ನಂಬಬೇಡಿ. ಅದರಲ್ಲಿ ಗಾಳಿಯನ್ನು ಬಹಳ ಒತ್ತಿ ಹಿಂಡಬೇಕಾದ್ದರಿಂದ ಪಿಸ್ಟನ್ನಿನ ಮೇಲೆ ಉಳಿಯುವ ಜಾಗವೇ ತೀರಾ ಕಡಿಮೆ. ಹೆಚ್ಚುಕಡಿಮೆ ಎಲ್ಲ ಡೀಸೆಲ್‌ಗಳೂ ಇಂಟರ್‌ಫಿಯರೆನ್ಸ್ ಜಾತಿಯವೇ.

ಹಾಗಿದ್ದರೆ ರಬ್ಬರ್ ಏಕೆ ಹಾಕಿದರು ಎಂದು ಯಾರಿಗಾದರೂ ಅನ್ನಿಸುತ್ತದೆ. ಹಗುರ, ಸದ್ದಿಲ್ಲ, ಎಣ್ಣೆ ಬೇಡ, ಅಗ್ಗ. ದೊಡ್ಡ ಪ್ರಮಾಣದಲ್ಲಿ ತಯಾರಾದ ಕಾರುಗಳ ಪೈಕಿ 1962ರಲ್ಲಿ ಜರ್ಮನಿಯ ಗ್ಲಾಸ್ 1004ರಲ್ಲಿ ಮೊದಲು ಬಂದ ಮೇಲೆ ಈ ಪದ್ಧತಿ ಜಗತ್ತಿಗೆಲ್ಲ ಹರಡಿತು.

ಹೆಜ್ಜೆ 1: ನಿಮ್ಮ ಎಂಜಿನ್ನಿನಲ್ಲಿ ಇರುವುದು ಬೆಲ್ಟೋ ಚೈನೋ?

ಇದನ್ನು ಕೇಳದೆಯೇ ಚಿಂತೆ ಮಾಡುವವರು ಬಹಳ ಮಂದಿ. ಚೈನ್ ಇದ್ದರೆ ಈ ಲೇಖನದ ಬಹುಪಾಲು ನಿಮಗೆ ಬೇಡ. ಚೈನ್‌ಗೆ ಸಾಮಾನ್ಯವಾಗಿ ಬದಲಾವಣೆಯ ಗಡುವು ಇರುವುದಿಲ್ಲ. ಆಯಿಲ್ ಸರಿಯಾದ ಹೊತ್ತಿಗೆ ಬದಲಿಸದಿದ್ದರೆ ಅದು ಹಿಗ್ಗುತ್ತದೆ, ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ ಗಲಗಲ ಸದ್ದು ಮಾಡಿ ತಾನೇ ತಿಳಿಸುತ್ತದೆ.

ಒಂದೇ ಹೆಸರಿನ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನಿಗೆ ಚೈನ್, ಡೀಸೆಲ್‌ಗೆ ಬೆಲ್ಟ್ ಇರಬಹುದು. ಅದೇ ಎಂಜಿನ್ ಎರಡು ವರ್ಷದ ನಂತರ ಬೆಲ್ಟ್ ಬಿಟ್ಟು ಚೈನ್‌ಗೆ ಹೋಗಿರಬಹುದು. ಆದ್ದರಿಂದ ಕಾರಿನ ಹೆಸರು ಸಾಲದು. ಎಂಜಿನ್ ಕೋಡ್ (ಯಾವ ಬಗೆಯ ಎಂಜಿನ್ ಎಂದು ಗುರುತಿಸುವ ಸಂಕೇತ) ಮತ್ತು ತಯಾರಾದ ವರ್ಷ ಬೇಕು, ಎರಡೂ ನೋಂದಣಿ ಕಾಗದದಲ್ಲೋ ಬಾನೆಟ್ ಕೆಳಗಿನ ತಗಡಿನಲ್ಲೋ ಸಿಗುತ್ತವೆ. ಎಂಜಿನ್ನಿನ ಒಂದು ಪಕ್ಕದಲ್ಲಿ ಹಗುರವಾದ ಪ್ಲಾಸ್ಟಿಕ್ ಕವರ್ ಇದ್ದರೆ ಒಳಗೆ ಬೆಲ್ಟ್ ಇರುವ ಸಂಭವ ಹೆಚ್ಚು. ಚೈನ್‌ಗೆ ಎಣ್ಣೆ ಬೇಕು, ಹಾಗಾಗಿ ಅದರ ಕವರ್ ಲೋಹದ್ದು, ಸುತ್ತಲೂ ಸೀಲ್ ಮಾಡಿದ್ದು. ಆದರೆ ಈ ಗುರುತನ್ನು ಪೂರ್ತಿ ನಂಬುವ ಹಾಗಿಲ್ಲ. ಎಣ್ಣೆಯಲ್ಲೇ ನೆನೆದು ಓಡುವ ಬೆಲ್ಟ್‌ಗಳೂ ಬಂದಿವೆ, ಅವುಗಳ ವಿಷಯ ಮುಂದೆ ಬೇರೆಯಾಗಿಯೇ ಹೇಳುತ್ತೇನೆ.

ಬೈಕಿನವರಿಗೆ ಒಂದು ಮಾತು: ಡುಕಾಟಿಯ ಹಲವು ಎಂಜಿನ್ನುಗಳಲ್ಲಿ ಟೈಮಿಂಗ್ ಬೆಲ್ಟ್ ಇದೆ. ಹಿಂದಿನ ಚಕ್ರ ತಿರುಗಿಸುವ ಬೆಲ್ಟ್ ಬೇರೆ, ಇದು ಬೇರೆ.

ಹೆಜ್ಜೆ 2: ಪುಸ್ತಕದ ಎರಡೂ ಸಂಖ್ಯೆಗಳನ್ನು ಬರೆದುಕೊಳ್ಳಿ

ಮಾಲೀಕರ ಪುಸ್ತಕದಲ್ಲಿ, ಇಲ್ಲವೇ ಕಂಪನಿಯ ಸರ್ವಿಸ್ ಪಟ್ಟಿಯಲ್ಲಿ ಇದು ಹೀಗಿರುತ್ತದೆ: ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು. ಹಳೆಯ ವಿನ್ಯಾಸಗಳಲ್ಲಿ 60,000ದಿಂದ 80,000 ಕಿ.ಮೀ. ಇರುವುದು ಸಾಮಾನ್ಯ. ಈಚಿನವುಗಳಲ್ಲಿ 1 ಲಕ್ಷದಿಂದ 1.6 ಲಕ್ಷ, ಕೆಲವದರಲ್ಲಿ ಅದಕ್ಕೂ ಹೆಚ್ಚು. ವರ್ಷದ ಲೆಕ್ಕ ಬಹುತೇಕ 5ರಿಂದ 10ರ ನಡುವೆ. ಈ ಶ್ರೇಣಿ ಎಷ್ಟು ಅಗಲ ಎಂದು ನೋಡಿದರೇ ಗೊತ್ತಾಗುತ್ತದೆ, ಪಕ್ಕದವರ ಕಾರಿನ ಸಂಖ್ಯೆ ನಿಮಗೆ ಉಪಯೋಗವಿಲ್ಲ.

ಜನ ಎಡವುವುದು "ಅಥವಾ" ಎಂಬಲ್ಲಿ. ಕಿಲೋಮೀಟರ್ ಮಾತ್ರ ನೆನಪಿಟ್ಟುಕೊಂಡು ವರ್ಷವನ್ನು ಮರೆಯುತ್ತಾರೆ. ರಬ್ಬರ್‌ಗೆ ಓಡಿದರೂ ವಯಸ್ಸಾಗುತ್ತದೆ, ನಿಂತರೂ ವಯಸ್ಸಾಗುತ್ತದೆ. ಎಂಟು ವರ್ಷದಲ್ಲಿ 30,000 ಕಿ.ಮೀ. ಮಾತ್ರ ಓಡಿ ಶೆಡ್ಡಿನಲ್ಲಿ ಜೋಪಾನವಾಗಿದ್ದ ಕಾರು "ಹೊಸದರಂತೆ ಇದೆ" ಎನ್ನುವ ಮಾತು ಬಣ್ಣಕ್ಕೆ ಒಪ್ಪುತ್ತದೆ, ಬೆಲ್ಟ್‌ಗಲ್ಲ.

ಇನ್ನೂ ಎರಡು ವಿಷಯ ಗಮನಿಸಿ. ಒಂದು, ಪಟ್ಟಿಯಲ್ಲಿ "ಪರೀಕ್ಷಿಸಿ" ಎಂದಿದೆಯೋ "ಬದಲಿಸಿ" ಎಂದಿದೆಯೋ. ಎರಡೂ ಬೇರೆ ಸಾಲುಗಳು, ಬೇರೆ ಗಡುವುಗಳು. ಎರಡು, ಕಠಿಣ ಬಳಕೆಗೆ ಬೇರೆ ಕಾಲಂ ಇರುತ್ತದೆ. ದೂಳು, ಸುಡುವ ಬಿಸಿಲು, ಕೊರೆಯುವ ಚಳಿ, ನಿಂತು ನಿಂತು ಸಾಗುವ ಸಂಚಾರ, ಭಾರ ಎಳೆಯುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ನಮ್ಮದು ಕಠಿಣ ಬಳಕೆ ಎಂದು ಯಾರೂ ಒಪ್ಪಿಕೊಳ್ಳುವುದಿಲ್ಲ, ಆದರೆ ನಗರದಲ್ಲಿ ದಿನವೂ ಓಡುವ ಬಹಳಷ್ಟು ಗಾಡಿಗಳು ಆ ಕಾಲಂಗೇ ಸೇರಿದವು.

ಪುಸ್ತಕ ಹಳೆಯದಾಗಿದ್ದರೆ ಕಂಪನಿ ನಂತರ ಗಡುವನ್ನು ಬದಲಿಸಿದೆಯೇ ಎಂದು ಎಂಜಿನ್ ಕೋಡ್ ಹೇಳಿ ವಿಚಾರಿಸಿ. ಕಾರು ಮಾರಾಟವಾದ ಎಷ್ಟೋ ವರ್ಷಗಳ ಮೇಲೆ ಗಡುವನ್ನು ಇಳಿಸಿದ ಉದಾಹರಣೆಗಳಿವೆ.

ಹೆಜ್ಜೆ 3: ಹಿಂದೆ ಯಾವಾಗ ಬದಲಾಗಿದೆ ಎಂಬುದಕ್ಕೆ ಸಾಕ್ಷಿ ಹುಡುಕಿ

ಗಾಡಿ ಹೊಸದಾಗಿ ಕೊಂಡದ್ದಾದರೆ ಸುಲಭ, ಕೊಂಡ ದಿನದಿಂದ ಎಣಿಸಿ. ಕೈಬದಲಾದ ಗಾಡಿಯಾದರೆ ಬಿಲ್ ಬೇಕು. ಬಿಲ್ಲಿನಲ್ಲಿ ತಾರೀಕು, ಮೀಟರ್ ಸಂಖ್ಯೆ, ಟೈಮಿಂಗ್ ಬೆಲ್ಟ್ ಅಥವಾ ಟೈಮಿಂಗ್ ಕಿಟ್ ಎಂಬ ಸಾಲು, ಮೂರೂ ಇರಬೇಕು.

ನಾನೇ ಒಮ್ಮೆ ಮೋಸ ಹೋಗುವುದರಲ್ಲಿದ್ದೆ. ಹಳೆಯ ಕಾರು ಕೊಳ್ಳುವಾಗ ಮಾರುವವರು "ಬೆಲ್ಟ್ ಹೋದ ವರ್ಷವೇ ಹಾಕಿಸಿದ್ದೇನೆ" ಎಂದರು. ಸುಳ್ಳು ಹೇಳುವ ಮನುಷ್ಯರಲ್ಲ. ಬಿಲ್ಲನ್ನೂ ತಂದು ತೋರಿಸಿದರು. ಅದರಲ್ಲಿ ಇದ್ದದ್ದು ಫ್ಯಾನ್ ಬೆಲ್ಟ್. ಆಲ್ಟರ್ನೇಟರ್, ಎ.ಸಿ. ತಿರುಗಿಸುವ, ಬಾನೆಟ್ ಎತ್ತಿದರೆ ಕಣ್ಣಿಗೆ ಕಾಣುವ ಹೊರಗಿನ ಬೆಲ್ಟ್. ಅವರ ಪಾಲಿಗೆ ಬೆಲ್ಟ್ ಎಂದರೆ ಬೆಲ್ಟ್, ಅಷ್ಟೆ. ಕವರ್ ಬಿಚ್ಚಿಸಿ ನೋಡಿದರೆ ಒಳಗಿನದು ಕಾರಿನಷ್ಟೇ ಹಳೆಯದು.

ಅಂದಿನಿಂದ ನನ್ನ ನಿಯಮ ಇಷ್ಟೆ: ಕಾಗದವಿಲ್ಲ ಎಂದರೆ ಬದಲಾಗಿಲ್ಲ. ಬಾಯಿಮಾತು, "ನೆನಪಿದೆ", "ಮೆಕ್ಯಾನಿಕ್ ಹೇಳಿದ್ದ", ಯಾವುದೂ ಬೇಡ. ಬಾನೆಟ್ ಒಳಗೋ ಟೈಮಿಂಗ್ ಕವರ್ ಮೇಲೋ ತಾರೀಕು ಬರೆದ ಸ್ಟಿಕ್ಕರ್ ಇದ್ದರೆ ಅರ್ಧ ಸಾಕ್ಷಿ. ಅದರಲ್ಲಿ ಗ್ಯಾರೇಜಿನ ಹೆಸರಿದ್ದರೆ ಅಲ್ಲಿಗೆ ಫೋನ್ ಮಾಡಿ ದಾಖಲೆ ಕೇಳಿ.

ಹೆಜ್ಜೆ 4: ಲೆಕ್ಕ ಹಾಕಿ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಗಡುವು 1 ಲಕ್ಷ ಕಿ.ಮೀ. ಅಥವಾ 6 ವರ್ಷ. ಹಿಂದೆ ಬದಲಿಸಿದಾಗ ಮೀಟರ್ 85,000 ತೋರಿಸುತ್ತಿತ್ತು, ಈಗ 1,47,000. ಅಂದರೆ ಬೆಲ್ಟ್ ಓಡಿದ್ದು 62,000. ಬದಲಿಸಿ 5 ವರ್ಷ 4 ತಿಂಗಳಾಗಿದೆ, ಅಂದರೆ 64 ತಿಂಗಳು. ತಿಂಗಳಿಗೆ ಸುಮಾರು 970 ಕಿ.ಮೀ. ಓಡಿದಂತಾಯಿತು. ಉಳಿದ 38,000 ಕಿ.ಮೀ. ಮುಗಿಯಲು ಇನ್ನೂ 39 ತಿಂಗಳು ಬೇಕು, ಆದರೆ 6 ವರ್ಷ ತುಂಬಲು ಉಳಿದಿರುವುದು 8 ತಿಂಗಳು. ಕಿಲೋಮೀಟರ್ ನೋಡಿದವರಿಗೆ ಮೂರು ವರ್ಷ ನಿಶ್ಚಿಂತೆ. ಕ್ಯಾಲೆಂಡರ್ ನೋಡಿದವರಿಗೆ ಈ ವರ್ಷವೇ ಕೆಲಸ. ಎರಡನೆಯವರೇ ಸರಿ.

ತಿಂಗಳಿಗೆ 4,000 ಕಿ.ಮೀ. ಓಡುವ ಬಾಡಿಗೆ ಗಾಡಿಗೆ ಇದೇ ಗಡುವು ತಿರುಗುಮುರುಗಾಗುತ್ತದೆ. 25 ತಿಂಗಳಿಗೇ 1 ಲಕ್ಷ ಮುಗಿಯುತ್ತದೆ, ವರ್ಷದ ಲೆಕ್ಕ ಕೇಳುವವರೇ ಇಲ್ಲ.

ಮೀಟರ್ ಎಣಿಸದ ಒಂದು ಓಟವೂ ಇದೆ: ನಿಂತಲ್ಲೇ ಎಂಜಿನ್ ಚಾಲೂ ಇಡುವುದು. ಚಕ್ರ ತಿರುಗದಿದ್ದರೂ ಬೆಲ್ಟ್ ತಿರುಗುತ್ತಲೇ ಇರುತ್ತದೆ. ನಿಂತಾಗ ನಿಮಿಷಕ್ಕೆ 800 ಸುತ್ತು ಎಂದಿಟ್ಟುಕೊಳ್ಳಿ, ಗಂಟೆಗೆ 48,000 ಸುತ್ತಾಯಿತು. ಅದೇ ಎಂಜಿನ್ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ 2000 ಸುತ್ತಿನಂತೆ ಓಡುವುದಾದರೆ ಅಷ್ಟು ಸುತ್ತು ಮುಗಿಸಲು 24 ನಿಮಿಷ ಸಾಕು, ಆ ಹೊತ್ತಿಗೆ ಅದು 32 ಕಿ.ಮೀ. ಸಾಗಿರುತ್ತದೆ. ಹಾಗಾದರೆ ಒಂದು ಗಂಟೆ ನಿಂತಿದ್ದು ಬೆಲ್ಟ್‌ನ ಮಟ್ಟಿಗೆ 32 ಕಿ.ಮೀ. ಓಡಿದಂತೆ. ದಿನಕ್ಕೆ 2 ಗಂಟೆ, ತಿಂಗಳಿಗೆ 25 ದಿನ ಹೀಗೆ ಉರಿಯುವ ಗಾಡಿಗೆ ವರ್ಷಕ್ಕೆ 19,200 ಕಿ.ಮೀ. ಗುಟ್ಟಾಗಿ ಸೇರುತ್ತದೆ. ಆಂಬುಲೆನ್ಸ್, ಸರಕು ವಿತರಣೆಯ ವ್ಯಾನ್, ಎ.ಸಿ. ಹಾಕಿಕೊಂಡು ಗಿರಾಕಿಗೆ ಕಾಯುವ ಟ್ಯಾಕ್ಸಿ ಇಟ್ಟುಕೊಂಡವರು ಈ ಲೆಕ್ಕವನ್ನು ಬಿಡಬಾರದು. ಇದು ಒರಟು ಅಂದಾಜು. ನಿಮ್ಮ ಎಂಜಿನ್ನಿನ ಸುತ್ತುಗಳನ್ನು, ಸುತ್ತು ತೋರಿಸುವ ಮೀಟರಿನಲ್ಲಿ ನೋಡಿ ನೀವೇ ಸರಿಪಡಿಸಿಕೊಳ್ಳಿ.

ಬಂದ ತಾರೀಕಿಗಿಂತ ಸ್ವಲ್ಪ ಮೊದಲೇ ಕೆಲಸ ಮುಗಿಸಿ. ಗಡುವಿನ ಹತ್ತನೇ ಒಂದು ಭಾಗ ಮುಂಚೆ ಎಂದರೆ ಸಾಕು. ಅಷ್ಟು ಮೊದಲು ಬದಲಿಸುವುದು ದುಂದಲ್ಲ. ಇನ್ನೂ ಮೊದಲು ಬದಲಿಸಿ ಎಂದು ಯಾರಾದರೂ ಒತ್ತಾಯಿಸಿದರೆ ಕಾರಣ ಕೇಳಿ.

ಹೆಜ್ಜೆ 5: ಗಡುವನ್ನು ಹತ್ತಿರಕ್ಕೆ ಎಳೆಯುವ ಸಂಗತಿಗಳು

ಲೆಕ್ಕದ ಪ್ರಕಾರ ಇನ್ನೂ ಸಮಯವಿದ್ದರೂ ತಕ್ಷಣ ಬದಲಿಸಬೇಕಾದ ಸಂದರ್ಭಗಳಿವೆ. ಕ್ಯಾಮ್ ಅಥವಾ ಕ್ರ್ಯಾಂಕ್ ಸೀಲ್ ಸೋರಿ ಬೆಲ್ಟ್‌ಗೆ ಎಂಜಿನ್ ಆಯಿಲ್ ತಗುಲಿದರೆ ಅದು ಉಬ್ಬಿ, ಮೆತ್ತಗಾಗಿ, ಹಲ್ಲು ಬಿಡುತ್ತದೆ. ಒರೆಸಿ ಬಿಟ್ಟರೆ ಸಾಲದು. ಮೊದಲು ಸೋರಿಕೆ ನಿಲ್ಲಿಸಬೇಕು, ಆಮೇಲೆ ಹೊಸ ಬೆಲ್ಟ್ ಹಾಕಬೇಕು. ಕ್ರಮ ತಪ್ಪಿದರೆ ಹೊಸದಕ್ಕೂ ಅದೇ ಗತಿ. ಕೂಲಂಟ್ ತಗುಲಿದರೂ ಇದೇ ಮಾತು.

ಎಷ್ಟೋ ಎಂಜಿನ್ನುಗಳಲ್ಲಿ ವಾಟರ್ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟೇ. ಅಂಥ ಪಂಪ್ ಸೋರತೊಡಗಿದರೆ ಬೆಲ್ಟ್ ಬಿಚ್ಚದೆ ಅದನ್ನು ಮುಟ್ಟಲಾಗದು. ಒಮ್ಮೆ ಬಿಚ್ಚಿದ ಓಡಿದ ಬೆಲ್ಟನ್ನು ಮತ್ತೆ ಹಾಕಬೇಡಿ. ಇದನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಏಕೆಂದರೆ "ಇನ್ನೂ ಚೆನ್ನಾಗಿದೆ ಸಾರ್" ಎಂಬ ಮಾತು ಕೇಳಿಬರುವುದು ಇಲ್ಲೇ. ಈ ಕೆಲಸದಲ್ಲಿ ಹೆಚ್ಚಿನ ಖರ್ಚು ಬಿಚ್ಚಿ ಜೋಡಿಸುವ ಕೂಲಿ. ಅದನ್ನು ಕೊಟ್ಟ ಮೇಲೆ ಹಳೆಯ ರಬ್ಬರನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಕವರ್ ಒಡೆದಿದ್ದರೆ, ಅದರೊಳಗೆ ಮಣ್ಣು ಕಲ್ಲಿನ ಚೂರು ಹೊಕ್ಕಿದ್ದರೆ, ಗಾಡಿ ಪ್ರವಾಹದ ನೀರಲ್ಲಿ ನಿಂತಿದ್ದರೆ ಬೆಲ್ಟ್ ಜತೆಗೆ ಬೇರಿಂಗ್‌ಗಳನ್ನೂ ನೋಡಿಸಬೇಕು.

ಕಣ್ಣಲ್ಲಿ ನೋಡಿ ಹೇಳಬಹುದೇ?

ಹಳೆಯ ಕಾಲದ ನಿಯೋಪ್ರೀನ್ ಬೆಲ್ಟ್‌ಗಳು ವಯಸ್ಸಾದಂತೆ ಬಿರುಕು ಬಿಡುತ್ತಿದ್ದವು. ಬೆರಳಿಂದ ತಿರುಚಿ ನೋಡಿ "ಇನ್ನೊಂದು ವರ್ಷ ತಡೆಯುತ್ತದೆ" ಎಂದು ಹೇಳುವ ಹಿರಿಯ ಮೆಕ್ಯಾನಿಕ್‌ಗಳ ವಿದ್ಯೆ ಆ ಕಾಲದ್ದು. ಈಗಿನವು ಬಹುಪಾಲು ಎಚ್‌ಎನ್‌ಬಿಆರ್ ಎಂಬ ರಬ್ಬರಿನವು. ಒಳಗೆ ಗಾಜಿನ ನಾರಿನ ಎಳೆಗಳು, ಹಲ್ಲುಗಳ ಮೇಲೆ ನೈಲಾನ್ ಬಟ್ಟೆ. ಇವು ಹೊರಗೆ ಕಪ್ಪಗೆ, ನಯವಾಗಿ ಕಾಣುತ್ತಲೇ ಒಳಗಿನ ಎಳೆಗಳು ಸೋತಿರುತ್ತವೆ. ಆದ್ದರಿಂದ ನೋಟದ ಪರೀಕ್ಷೆ ಒಂದು ದಿಕ್ಕಿಗೆ ಮಾತ್ರ ಕೆಲಸ ಮಾಡುತ್ತದೆ. ಬಿರುಕು, ಅಂಚಿನಲ್ಲಿ ಎಳೆ ಕಿತ್ತಿರುವುದು, ಹಲ್ಲಿನ ಬುಡ ಸೀಳಿರುವುದು, ಬೆನ್ನು ಹೊಳೆಯುತ್ತಿರುವುದು, ಎಣ್ಣೆಯ ಜಿಡ್ಡು ಇವು ಕಂಡರೆ ಬದಲಿಸಿ. ಏನೂ ಕಾಣದಿದ್ದರೆ ಅದರಿಂದ ಏನೂ ತಿಳಿಯಲಿಲ್ಲ ಎಂದೇ ಅರ್ಥ.

ಸದ್ದಿನ ವಿಷಯವೂ ಹೀಗೇ. ಬಾನೆಟ್ ಒಳಗಿಂದ ಕೀಚ್ ಎನ್ನುವುದು ಹೆಚ್ಚಾಗಿ ಹೊರಗಿನ ಫ್ಯಾನ್ ಬೆಲ್ಟ್. ಹಲ್ಲಿರುವ ಬೆಲ್ಟ್ ಅದರಂತೆ ಜಾರುವುದಿಲ್ಲ. ಟೈಮಿಂಗ್ ಕವರ್ ಕಡೆಯಿಂದ ಗೊರಗೊರ ಸದ್ದು ಬಂದರೆ ಐಡ್ಲರ್ (ಬೆಲ್ಟ್‌ಗೆ ದಾರಿ ತೋರಿಸುವ ಗಾಲಿ) ಅಥವಾ ಟೆನ್ಷನರ್‌ನ (ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಗಾಲಿ) ಬೇರಿಂಗ್ ಇರಬಹುದು. ಬೆಲ್ಟ್ ಬದಲಿಸಿದ ಮೇಲೆ ಹೊಸದಾಗಿ ಸಣ್ಣ ಗುಂಯ್ ಎಂಬ ಸದ್ದು ಶುರುವಾದರೆ ಬಿಗಿ ಹೆಚ್ಚಾಗಿರುವ ಅನುಮಾನವಿದೆ. ಎಂಜಿನ್ ದೀಪ ಹೊತ್ತಿ ಸ್ಕ್ಯಾನರ್‌ನಲ್ಲಿ ಪಿ0016 ಎಂಬ ದೋಷದ ಸಂಕೇತ ಬಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಒಂದಕ್ಕೊಂದು ಹೊಂದುತ್ತಿಲ್ಲ ಎಂದರ್ಥ; ಬೆಲ್ಟ್ ಒಂದು ಹಲ್ಲು ಜಾರಿರಬಹುದು, ಸೆನ್ಸರ್ ಕೆಟ್ಟಿರಲೂಬಹುದು. ಅದು ಗೊತ್ತಾಗುವವರೆಗೆ ಗಾಡಿ ಓಡಿಸಬೇಡಿ.

ಎಣ್ಣೆಯಲ್ಲಿ ಓಡುವ ಬೆಲ್ಟ್

ಫೋರ್ಡ್‌ನ 1.0 ಲೀಟರ್ ಇಕೋಬೂಸ್ಟ್, ಪೂಜೋ ಮತ್ತು ಸಿಟ್ರೊಯೆನ್ ಕಾರುಗಳ 1.2 ಲೀಟರ್ ಪ್ಯೂರ್‌ಟೆಕ್ ಎಂಜಿನ್ನುಗಳ ಮೊದಲ ಆವೃತ್ತಿಗಳಲ್ಲಿ ಬೆಲ್ಟ್ ಇರುವುದು ಎಂಜಿನ್ ಒಳಗೆ, ಆಯಿಲ್‌ನಲ್ಲಿ. ಆಯಿಲ್ ತಗುಲಿದರೆ ಬೆಲ್ಟ್ ಕೆಡುತ್ತದೆ ಎಂದು ಈಗಷ್ಟೇ ಹೇಳಿದೆ; ಇವುಗಳ ರಬ್ಬರನ್ನು ಅದಕ್ಕೆಂದೇ ಮಾಡಿರುತ್ತಾರೆ. ಆದರೆ ಪುಸ್ತಕದಲ್ಲಿ ಹೇಳಿದ ದರ್ಜೆಯದ್ದೇ ಆಯಿಲ್ ಬೇಕು, ಅದೂ ಸಕಾಲಕ್ಕೆ ಬದಲಾಗುತ್ತಿರಬೇಕು. ಸಣ್ಣ ಸಣ್ಣ ಓಟಗಳಲ್ಲಿ ಪೆಟ್ರೋಲ್ ಆಯಿಲ್‌ಗೆ ಬೆರೆತರೂ ರಬ್ಬರ್ ಕೆಡುತ್ತದೆ. ಇಲ್ಲಿನ ಅಪಾಯದ ರೀತಿಯೇ ಬೇರೆ: ಹರಿಯುವುದಕ್ಕಿಂತ ಮೊದಲೇ ಬೆಲ್ಟ್ ಚೂರುಚೂರಾಗಿ ಉದುರಿ, ಆಯಿಲ್ ಪಂಪಿನ ಜಾಲರಿಯನ್ನು ಕಟ್ಟುತ್ತದೆ. ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿದರೆ ಅಲ್ಲೇ ನಿಲ್ಲಿಸಬೇಕು. ಇಂಥ ಎಂಜಿನ್ನಿನ ಹಳೆ ಗಾಡಿ ಕೊಳ್ಳುವಾಗ ಬೆಲ್ಟ್‌ನ ಬಿಲ್ ಒಂದೇ ಅಲ್ಲ, ಪ್ರತಿ ಆಯಿಲ್ ಬದಲಾವಣೆಯ ಬಿಲ್ಲನ್ನೂ ಕೇಳಿ.

ಹೆಜ್ಜೆ 6: ಮುಂದೂಡಬೇಕೆನ್ನಿಸಿದರೆ

ಕೈಯಲ್ಲಿ ಹಣವಿಲ್ಲ, ಗಾಡಿ ಇನ್ನೊಂದು ವರ್ಷದಲ್ಲಿ ಮಾರುವುದೇ, ಇನ್ನೇನು ತೀರಾ ಹಳೆಯದಾಯಿತು. ಇವೆಲ್ಲ ನಿಜವಾದ ಕಾರಣಗಳೇ. ಆಗ ಕೇಳಿಕೊಳ್ಳಬೇಕಾದ್ದು ಎಂಜಿನ್ ಇಂಟರ್‌ಫಿಯರೆನ್ಸ್ ಜಾತಿಯದೇ ಎಂದು. ಅಲ್ಲವಾದರೆ ನೀವು ಪಣಕ್ಕಿಡುತ್ತಿರುವುದು ಒಂದು ದಿನದ ಪರದಾಟ ಮತ್ತು ಗಾಡಿ ಎಳೆಸುವ ಖರ್ಚು. ಆದರೂ ವೇಗದ ರಸ್ತೆಯ ನಡುವೆ ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕಿನ ಸಹಾಯ ಒಂದೆರಡು ಒತ್ತಿಗೆ ಮುಗಿಯುತ್ತದೆ ಎಂಬುದು ನೆನಪಿರಲಿ. ಇಂಟರ್‌ಫಿಯರೆನ್ಸ್ ಜಾತಿಯದೇ ಹೌದಾದರೆ ಪಣಕ್ಕಿಟ್ಟದ್ದು ಇಡೀ ಎಂಜಿನ್. ಹೆಡ್ ಕೆಲಸದ ಖರ್ಚು ಹಳೆಯ ಗಾಡಿಯ ಬೆಲೆಯನ್ನೇ ಮೀರಬಹುದು. ಮಾರುವವರಿಗೂ ಹೊಸ ಬೆಲ್ಟ್‌ನ ಬಿಲ್ ಕೈಯಲ್ಲಿದ್ದರೆ ಚೌಕಾಸಿಗೆ ಬಲ ಬರುತ್ತದೆ.

ಗಡುವು ಮೀರಿದ ಗಾಡಿಯಲ್ಲಿ "ಈ ದೂರದ ಪ್ರಯಾಣವೊಂದು ಮುಗಿಸಿ ಬಂದು ಮಾಡಿಸುತ್ತೇನೆ" ಎನ್ನುವವರು ಪ್ರಯಾಣವನ್ನೇ ಮುಂದೂಡಲಿ.

ಹೆಜ್ಜೆ 7: ಗ್ಯಾರೇಜಿನಲ್ಲಿ ಏನು ಹೇಳಬೇಕು

ಬೆಲ್ಟ್ ಒಂದನ್ನೇ ಬದಲಿಸಿ ಎನ್ನಬೇಡಿ, ಕಿಟ್ ಎನ್ನಿ. ಬೆಲ್ಟ್, ಟೆನ್ಷನರ್, ಐಡ್ಲರ್ ಪುಲ್ಲಿಗಳು ಅದರಲ್ಲಿರುತ್ತವೆ. ವಾಟರ್ ಪಂಪ್ ಇದೇ ಬೆಲ್ಟ್‌ನಿಂದ ತಿರುಗುತ್ತಿದ್ದರೆ ಅದೂ ಸೇರಲಿ. ಹೊಸ ಬೆಲ್ಟ್ ಹಾಕಿ ಹಳೆಯ ಬೇರಿಂಗ್ ಬಿಟ್ಟರೆ, ಅದು ಜಾಮ್ ಆದ ದಿನ ಹೊಸ ಬೆಲ್ಟೇ ಕಿತ್ತು ಹೋಗುತ್ತದೆ. ಸೀಲ್‌ಗಳಲ್ಲಿ ಜಿಡ್ಡು ಕಂಡರೆ ಅವನ್ನೂ ಬದಲಿಸಿ. ಒಮ್ಮೆ ಬಿಗಿದರೆ ಹಿಗ್ಗುವ ಬೋಲ್ಟ್‌ಗಳಿರುವ ಎಂಜಿನ್ ಆದರೆ ಬೋಲ್ಟ್‌ಗಳೂ ಹೊಸವೇ ಇರಲಿ. ಎಂಜಿನ್ನಿನ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟ್‌ಗೆ ಬೇರೆ ಸಣ್ಣ ಬೆಲ್ಟ್ ಇರುವ ಎಂಜಿನ್ನುಗಳಿವೆ, ಅದನ್ನು ಮರೆತುಬಿಡುವುದು ಸುಲಭ.

ಎರಡು ಪ್ರಶ್ನೆ ಕೇಳಿ. ಕ್ರ್ಯಾಂಕ್, ಕ್ಯಾಮ್ ಅಲುಗದಂತೆ ಹಿಡಿಯುವ, ಈ ಎಂಜಿನ್ನಿಗೆ ಬೇಕಾದ ಲಾಕಿಂಗ್ ಟೂಲ್ ನಿಮ್ಮಲ್ಲಿದೆಯೇ? ಜೋಡಿಸಿದ ಮೇಲೆ ಸ್ಟಾರ್ಟ್ ಮಾಡುವ ಮುನ್ನ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡುತ್ತೀರಾ? ಒಂದು ಹಲ್ಲು ಆಚೀಚೆ ಕೂತಿದ್ದರೆ ಆ ಎರಡು ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ. ಪಿಸ್ಟನ್ ವಾಲ್ವ್‌ಗೆ ತಾಗುತ್ತಿದ್ದರೂ ಕೈಗೆ ತಡೆ ಸಿಗುತ್ತದೆ, ಸ್ಟಾರ್ಟರ್‌ಗೆ ಆ ದಾಕ್ಷಿಣ್ಯವಿಲ್ಲ. ಪ್ರಶ್ನೆ ಕೇಳಿದ್ದಕ್ಕೆ ಮುನಿಸಿಕೊಂಡರೆ ಬೇರೆ ಗ್ಯಾರೇಜ್ ನೋಡಿ.

ಅಷ್ಟರೊಳಗೆ ಹರಿದೇಬಿಟ್ಟರೆ

ಓಡುತ್ತಿದ್ದ ಎಂಜಿನ್ ಕೆಮ್ಮದೆ, ತಡವರಿಸದೆ ಸ್ವಿಚ್ ಆರಿಸಿದಂತೆ ನಿಲ್ಲುತ್ತದೆ. ಮತ್ತೆ ಸ್ಟಾರ್ಟ್ ಮಾಡಿದರೆ ಸ್ಟಾರ್ಟರ್ ಎಂದಿಗಿಂತ ಹಗುರವಾಗಿ, ವೇಗವಾಗಿ ತಿರುಗುತ್ತದೆ, ಏಕೆಂದರೆ ಒಳಗೆ ಒತ್ತಡವೇ ಹುಟ್ಟುತ್ತಿಲ್ಲ. ಆ ಸದ್ದು ಕೇಳಿದ ತಕ್ಷಣ ಕೀಲಿ ತೆಗೆಯಿರಿ. ಇನ್ನೊಮ್ಮೆ ಪ್ರಯತ್ನಿಸಬೇಡಿ, ತಳ್ಳಿ ಸ್ಟಾರ್ಟ್ ಮಾಡಲಂತೂ ಬೇಡ. ಉಳಿದ ವಾಲ್ವ್‌ಗಳೂ ಬಗ್ಗಬಹುದು. ಎಳೆಸಿಕೊಂಡೇ ಹೋಗಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಆಟೋಮ್ಯಾಟಿಕ್ ಆದರೆ ಟ್ರಕ್ಕಿನ ಮೇಲೆ ಏರಿಸಿ. ಹೊಸ ಬೆಲ್ಟ್ ಹಾಕಿ "ನೋಡೋಣ" ಎನ್ನುವ ಮೊದಲು ಸಿಲಿಂಡರ್‌ಗಳಲ್ಲಿ ಗಾಳಿ ನಿಲ್ಲುತ್ತದೆಯೇ ಎಂದು ಲೀಕ್ ಪರೀಕ್ಷೆ ಮಾಡಿಸಿ.

ಬದಲಿಸಿ ಮುಗಿದ ದಿನ ಹಳೆಯ ಬೆಲ್ಟ್ ಮತ್ತು ಟೆನ್ಷನರನ್ನು ಕೇಳಿ ಪಡೆಯಿರಿ. ಬಿಲ್ಲಿನಲ್ಲಿ ಪ್ರತಿ ಭಾಗದ ಹೆಸರೂ ಮೀಟರ್ ಸಂಖ್ಯೆಯೂ ಇದೆಯೇ ನೋಡಿ, ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಬಾನೆಟ್ ಒಳಗೆ ಅಳಿಸದ ಶಾಯಿಯಲ್ಲಿ ತಾರೀಕು, ಕಿ.ಮೀ., ಮುಂದಿನ ಗಡುವು ಬರೆದು ಅಂಟಿಸಿ. ಬರೆಯುವಾಗ ಫ್ಯಾನ್ ಬೆಲ್ಟ್ ಅಲ್ಲ, ಟೈಮಿಂಗ್ ಬೆಲ್ಟ್ ಎಂದು ಸ್ಪಷ್ಟವಾಗಿ ಬರೆಯಿರಿ.